ಮೇಜಿನ ಸುತ್ತ ಕೊನೆಯವಳು

ಅಂಟಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಪಿಂಚಣಿಯ ಕಾಗದ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಅವಳು ಊರಿನ ಹಳೆಯ ಮುದ್ರಣಾಲಯದ ಬೈಂಡಿಂಗ್ ಕೋಣೆ ಸೇರಿದಾಗ ಅಂಟಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. ಅಂದಿನಿಂದ ಅಂಟು ಅವಳ ಬೆರಳನ್ನೂ ಬಿಡಲಿಲ್ಲ, ಹೆಸರನ್ನೂ ಬಿಡಲಿಲ್ಲ. ಈಗ ಅರವತ್ತೊಂಬತ್ತು ತುಂಬಿದೆ. ಯಾರ ಮನೆಗೆ ಹೋದರೂ ಮೊದಲು ಕಪಾಟಿನ ಹತ್ತಿರ ಹೋಗುತ್ತಾಳೆ, ಒಂದು ಪುಸ್ತಕ ಎಳೆದು ಬೋರಲು ಹಾಕಿ ಅದರ ಬೆನ್ನು ಸವರುತ್ತಾಳೆ, ಮೂಸುತ್ತಾಳೆ, ಆಮೇಲೆ ತೀರ್ಪು ಕೊಡುತ್ತಾಳೆ. "ಹೊಲಿಗೆ ಸಡಿಲ. ಎರಡು ವರ್ಷ ಬಾಳಿದ್ರೆ ಹೆಚ್ಚು." ಒಳಗೆ ಏನು ಬರೆದಿದೆ ಎಂಬುದು ಅವಳ ಇಲಾಖೆಯಲ್ಲ. "ಬೆನ್ನು ಗಟ್ಟಿಯಿದ್ರೆ ಸಾಕು, ಒಳಗಿನವರು ಏನು ಬೇಕಾದ್ರೂ ಮಾತಾಡ್ಕೊಳ್ಲಿ" ಎನ್ನುವವಳು ಅವಳು.

ಅವಳಿಗೆ ಒಂದು ಹೆಮ್ಮೆಯಿತ್ತು, ಅದನ್ನು ಗುಟ್ಟಾಗಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ನಲವತ್ತೊಂದು ವರ್ಷದಲ್ಲಿ ತನ್ನ ಕೈಯಿಂದ ಒಂದೇ ಒಂದು ಫಾರಂ ಹಿಂದುಮುಂದಾಗಿಲ್ಲ ಎಂಬುದೇ ಆ ಹೆಮ್ಮೆ. ಫಾರಂ ಎಂದರೆ ಹದಿನಾರು ಪುಟ ಬರುವಂತೆ ಮಡಿಸಿದ ಒಂದು ದೊಡ್ಡ ಹಾಳೆ. ಇಂಥ ಐದಾರು ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಕೆಲಸ ಕಲಿಯಲು ಬಂದವರು ಫಾರಂ ತಪ್ಪಿಸಿದರೆ ಅಂಟಕ್ಕ ಅವರ ನೀರಿಳಿಸಿಬಿಡುತ್ತಿದ್ದಳು. ಊಟಕ್ಕೆ ಕೂತಾಗಲೂ ಅದೇ ಪುರಾಣ. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು. "ನಾನೂ ಮೂವತ್ತೈದು ವರ್ಷ ಯಾರಿಗೂ ಗುದ್ದಲಿಲ್ಲ ಕಣೇ. ಹಾಗಂತ ದಿನಾ ತಟ್ಟೆ ಮುಂದೆ ಭಾಷಣ ಮಾಡ್ತೀನಾ?" ಎಂದು ಕೇಳುತ್ತಿದ್ದ. ಊರಿನ ಗ್ರಂಥಾಲಯ ನೋಡಿಕೊಳ್ಳುವ ಸೊಸೆ ಮಾತ್ರ ತುಟಿ ಕಚ್ಚಿ ನಗು ತಡೆದುಕೊಂಡು ಅತ್ತೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಆ ಊರಿಗೆ ಒಬ್ಬ ಕವಿಯಿದ್ದ. ಇದ್ದ ಎನ್ನುವುದಕ್ಕಿಂತ ಹೋಗಿದ್ದ ಎನ್ನಬೇಕು. ಇಪ್ಪತ್ತನಾಲ್ಕಕ್ಕೇ ಜ್ವರ ಬಂದು ಹೋಗಿಬಿಟ್ಟಿದ್ದ. ಅದೇ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದ ಹುಡುಗ ಅವನು, ಬೈಂಡಿಂಗ್ ಕೋಣೆಯ ಹೆಂಗಸರಿಗೆ ಪ್ರೂಫಣ್ಣ. ಬರೆದದ್ದು ಒಂದೇ ಪುಸ್ತಕ. ಅದರಲ್ಲಿ ಪುಟಸಂಖ್ಯೆ ಇರಕೂಡದೆಂದು ಹಟ ಹಿಡಿದಿದ್ದ. "ಪದ್ಯಕ್ಕೆ ಯಾಕ್ರೀ ನಂಬರು, ಅದೇನು ಬಸ್ಸಾ?" ಎಂದಿದ್ದನಂತೆ. ಇಪ್ಪತ್ತನಾಲ್ಕರಲ್ಲಿ ಎಲ್ಲರ ತಲೆಯಲ್ಲೂ ಇಂಥದೊಂದು ಹುಳ ಇರುತ್ತದೆ. ಪುಸ್ತಕ ಬಂದ ವಾರದಲ್ಲೇ ಅವನು ತೀರಿಕೊಂಡ, ತೀರಿಕೊಂಡ ಮೇಲೆ ಪ್ರಸಿದ್ಧನಾದ.

ಪ್ರಸಿದ್ಧಿಗೆ ಕಾರಣ ಒಂದೇ ಪದ್ಯ, 'ಅಮ್ಮನ ಕೋಣೆ'. ಊರಿನಲ್ಲಿ ಓದು ಬರುವವರಿಗೆಲ್ಲ ಅದು ಬಾಯಿಪಾಠ:

ಅಮ್ಮನ ಕೋಣೆಯ ಕಿಟಕಿ ತೆರೆದೇ ಇದೆ,
ಗಾಳಿ ಬಂದು ಮಂಚ ನೋಡಿ ಹೋಗುತ್ತದೆ.
ಮಡಿಸಿಟ್ಟ ಕನ್ನಡಕ, ಓದುವವರಿಲ್ಲ,
ನಾನಿನ್ನೂ ಬಾಗಿಲಲ್ಲೇ ನಿಂತಿದ್ದೇನೆ.
ಸುತ್ತಿ ಸುತ್ತಿ ಬರುತ್ತಾರೆ ಹೆಂಗಸರು,
ಒಬ್ಬಳ ಬೆನ್ನಿಗೊಬ್ಬಳು, ಕೈತುಂಬ ಬಿಳುಪು;
ಯಾರೋ ಏನೋ ಅಂದರು, ಎಲ್ಲರೂ ನಕ್ಕರು,
ಕೊನೆಯವಳ ಬೆರಳಿಗೆ ಅಂಟಿ ಬಂತು ನನ್ನ ಹೆಸರು.

ಈ ಎಂಟು ಸಾಲಿನ ಮೇಲೆ ಕಾಲೇಜಿನ ಮೇಷ್ಟ್ರೊಬ್ಬರು ಮೂರು ಪುಸ್ತಕ ಬರೆದಿದ್ದರು. ಸುತ್ತಿ ಬರುವ ಹೆಂಗಸರು ಕಾಲದೇವಿಯರು, ಬಿಳುಪು ಎಂದರೆ ಹೆಣದ ಹೊದಿಕೆ, ನಗು ಎಂದರೆ ವಿಧಿಯ ನಗು, ಕೊನೆಯವಳು ಸಾಕ್ಷಾತ್ ಮೃತ್ಯು, ಹುಡುಗ ತನ್ನ ಸಾವನ್ನು ತಾನೇ ಕಂಡಿದ್ದ ಎಂಬುದು ಮೇಷ್ಟ್ರ ಸಿದ್ಧಾಂತ. ಪುಸ್ತಕದಲ್ಲಿ 'ಐದು ರಾಶಿ' ಎಂಬ ಇನ್ನೊಂದು ಪದ್ಯ ಅರ್ಧಕ್ಕೇ ನಿಂತಿತ್ತು. ಅದು ಸಾವು ಕತ್ತರಿಸಿದ ಪದ್ಯವಂತೆ, ಐದು ರಾಶಿಯೆಂದರೆ ಪಂಚಭೂತವಂತೆ. ಇದಕ್ಕೆಲ್ಲ ಎದುರು ನಿಂತವರು ಊರಿನ ಹಲ್ಲಿನ ಡಾಕ್ಟರು. "ಹುಡುಗ ಅರವತ್ತು ವರ್ಷ ಬದುಕಿದ್ದಿದ್ರೆ ಈ ಪದ್ಯಾನ ಯಾರೂ ಮೂಸ್ತಿರಲಿಲ್ಲ. ಸತ್ತಿದ್ದಕ್ಕೆ ಕೊಟ್ಟ ಮಾರ್ಕು ಇದು" ಎಂಬುದು ಅವರ ವಾದ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೂ ಅದನ್ನೇ ಹೇಳುತ್ತಿದ್ದರು. ಪಾಪ, ಅವರು ತಿರುಗಿ ಏನು ಹೇಳಿಯಾರು?

ಈಗ ಗ್ರಂಥಾಲಯಕ್ಕೆ ಹೊಸ ಗೋಡೆ ಎದ್ದಿತ್ತು. ಅದರ ಮೇಲೆ 'ಅಮ್ಮನ ಕೋಣೆ'ಯನ್ನು ಕಲ್ಲಿನಲ್ಲಿ ಕೆತ್ತಿಸುವುದೆಂದು ತೀರ್ಮಾನವಾಯಿತು. ಡಾಕ್ಟರು ತಕರಾರು ಎತ್ತಿದರು. ಸೊಸೆ ಜಾಣೆ, ಭಾನುವಾರ ಬೆಳಿಗ್ಗೆ ಇಬ್ಬರಿಗೂ ಒಂದು ಬಹಿರಂಗ ಚರ್ಚೆ ಇಟ್ಟುಬಿಟ್ಟಳು. ಸೋಮವಾರ ಕಲ್ಲುಕುಟಿಗ ಕೆಲಸ ಶುರುಮಾಡಬೇಕು. ಚರ್ಚೆಯ ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡಲೆಂದು, ಗ್ರಂಥಾಲಯದಲ್ಲಿ ಉಳಿದಿದ್ದ ಮೊದಲ ಮುದ್ರಣದ ಒಂದೇ ಪ್ರತಿಯನ್ನು ಗುರುವಾರ ಮನೆಗೆ ತಂದಳು. "ಅತ್ತೆ, ಇದರ ಬೆನ್ನು ಬಿಟ್ಟುಹೋಗಿದೆ. ನಿಮ್ಮ ಕೈಯದೇ ಅಲ್ವಾ? ನೀವೇ ಸರಿಮಾಡಿ" ಎಂದಳು.

ಅಂಟಕ್ಕ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬೆನ್ನಿನ ಬಟ್ಟೆಯನ್ನು ಒದ್ದೆಮಾಡಿ ಮೆಲ್ಲಗೆ ಸುಲಿದಳು. ಸುಲಿದವಳು ಹಾಗೇ ಕೂತಳು.

ಪ್ರತಿ ಫಾರಂನ ಮಡಿಕೆಯ ಮೇಲೆ, ಬಟ್ಟೆ ಅಂಟಿಸಿದರೆ ಕಾಣದ ಜಾಗದಲ್ಲಿ, ಮುದ್ರಕರು ಒಂದು ಕಪ್ಪು ಗೆರೆ ಒತ್ತುತ್ತಾರೆ. ಮೊದಲನೆಯದರ ಗೆರೆ ಮೇಲಿರುತ್ತದೆ, ಎರಡನೆಯದು ಅದಕ್ಕಿಂತ ಒಂದು ಬೆರಳು ಕೆಳಗೆ, ಮೂರನೆಯದು ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದ ಪುಸ್ತಕದ ಬೆನ್ನಿನಲ್ಲಿ ಈ ಗೆರೆಗಳು ಮೆಟ್ಟಿಲು ಇಳಿದಂತೆ ಕಾಣುತ್ತವೆ. ಈ ಪುಸ್ತಕದ ಮೆಟ್ಟಿಲು ಎರಡು ಹೆಜ್ಜೆ ಇಳಿದು, ಒಂದು ಹೆಜ್ಜೆ ಹಾರಿ, ಮತ್ತೆ ಹಿಂದಕ್ಕೆ ಹತ್ತಿತ್ತು. ಮೂರನೆಯ ಫಾರಂ ಇರಬೇಕಾದಲ್ಲಿ ನಾಲ್ಕನೆಯದು, ನಾಲ್ಕನೆಯದರ ಜಾಗದಲ್ಲಿ ಮೂರನೆಯದು. ಪುಟಸಂಖ್ಯೆಯೇ ಇಲ್ಲದ ಪುಸ್ತಕ, ಓದಿದ ಒಬ್ಬನಿಗೂ ಗೊತ್ತಾಗಿರಲಿಲ್ಲ. ಎರಡನೆಯ ಫಾರಂ ಮುಗಿದದ್ದು 'ಅಮ್ಮನ ಕೋಣೆ'ಯ ನಾಲ್ಕನೆಯ ಸಾಲಿಗೆ. ಹಾಗಾದರೆ ಆ ತಲೆಗೆ ಬೇರೆ ಯಾವುದೋ ಪದ್ಯದ ಬಾಲ ಅಂಟಿಕೊಂಡಿತ್ತು! ಆಮೇಲಿನ ಮುದ್ರಣಗಳೆಲ್ಲ ಇದನ್ನೇ ನೋಡಿ ಅಚ್ಚಿನ ಮೊಳೆ ಜೋಡಿಸಿದವು, ಕೈಬರಹ ಎಂದೋ ರದ್ದಿಗೆ ಹೋಗಿತ್ತು.

ಅಂಟಕ್ಕನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಪ್ರೂಫಣ್ಣ ಆಸ್ಪತ್ರೆಯಲ್ಲಿದ್ದ. ಇವತ್ತೇ ಅವನ ಕೈಗೆ ಪುಸ್ತಕ ಸೇರಬೇಕೆಂದು ಬೈಂಡಿಂಗ್ ಕೋಣೆಯ ಐದೂ ಜನ ಹೆಂಗಸರು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಿದ್ದರು. ಉದ್ದನೆಯ ಮೇಜಿನ ಮೇಲೆ ಫಾರಂಗಳ ರಾಶಿಗಳನ್ನು ಸಾಲಾಗಿ ಇಟ್ಟವಳು ಅಂಟಕ್ಕ. ಬೆನ್ನಿಗೆ ಅಂಟು ಬಳಿಯುವ ಮೊದಲು ಮೆಟ್ಟಿಲು ನೋಡಬೇಕಾದವಳೂ ಅಂಟಕ್ಕನೇ. ಇಟ್ಟಿದ್ದೂ ತಪ್ಪು, ನೋಡಿದ್ದೂ ಇಲ್ಲ. ಮುನ್ನೂರು ಪ್ರತಿಗೆ ಮುನ್ನೂರೂ ಹಾಗೇ ಹೋದವು. ಅಂಟು ಆರದ ಪುಸ್ತಕವನ್ನು ಅವನಿಗೆ ಒಯ್ದು ಕೊಟ್ಟಾಗ ಓದುವ ಶಕ್ತಿ ಅವನ ಕಣ್ಣಿಗಿರಲಿಲ್ಲ. ಮೂಸಿ ನೋಡಿ ನಕ್ಕನಂತೆ.

ಅವಳು ಫಾರಂ ಬಿಚ್ಚಿ, ಸರಿಯಾದ ಕ್ರಮದಲ್ಲಿಟ್ಟು, ಮೆಟ್ಟಿಲು ನೆಟ್ಟಗಾದದ್ದು ನೋಡಿ, ಹೊಲಿಯದೆ ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟಳು. ಪದ್ಯ ಓದುವ ಅಭ್ಯಾಸ ಅವಳಿಗೆ ಮೊದಲೇ ಇಲ್ಲ, ಈಗಂತೂ ಓದುವ ಮನಸ್ಸೂ ಇಲ್ಲ. ಬಾಯಿಬಿಟ್ಟರೆ ನಲವತ್ತೊಂದು ವರ್ಷದ ಹೆಸರು ಒಂದೇ ಗಳಿಗೆಯಲ್ಲಿ ಮಣ್ಣುಪಾಲು. ಅದಾದರೂ ಹೋಗಲಿ, ಊರೇ ತಲೆಯ ಮೇಲೆ ಹೊತ್ತುಕೊಂಡ ಪದ್ಯ ಬೈಂಡಿಂಗಿನ ಎಡವಟ್ಟು ಎಂದಾದರೆ ಪ್ರೂಫಣ್ಣನ ಗತಿಯೇನು? ಸುಮ್ಮನಿದ್ದರೆ ಸೋಮವಾರ ಆ ತಪ್ಪು ಕಲ್ಲಿಗೆ ಏರುತ್ತದೆ.

ಎರಡು ದಿನ ಊಟದ ಹೊತ್ತಿನಲ್ಲಿ ಭಾಷಣವಿಲ್ಲದ್ದು ನೋಡಿ ಗಂಡನಿಗೇ ಭಯವಾಯಿತು. "ಏನಾಯ್ತೇ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ. ಅವನೊಬ್ಬನಿಗೆ ಹೇಳಿದಳು. ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ನೋಡು, ಸರ್ವಿಸಿನ ಹದಿನೆಂಟನೇ ವರ್ಷದಲ್ಲಿ ಒಂದ್ಸಲ ನಾನು ಬಸ್ಸು ಹಿಂದಕ್ಕೆ ತಗೊಂಡು ಡಿಪೋ ಗೇಟಿಗೇ ಗುದ್ದಿದ್ದೆ. ನಿನಗೆ ಹೇಳಿರ್ಲಿಲ್ಲ."

"ಅಯ್ಯೋ ನಿಮ್ಮ! ಮೂವತ್ತೈದು ವರ್ಷ ಅಂತ ಕೊಚ್ಚಿಕೊಳ್ತಿದ್ರಲ್ಲ?"

"ಗುದ್ದಿದ್ದು ಗೇಟಿಗೆ. ಯಾರಿಗೂ ಗುದ್ದಲಿಲ್ಲ ಅಂತಾನೇ ನಾನು ಹೇಳಿದ್ದು. ನೀನೂ ಹಾಗೇ ಏನಾದ್ರೂ ದಾರಿ ಹುಡುಕ್ಕೋ."

ದಾರಿ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಅಂಟಕ್ಕ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಗ್ರಂಥಾಲಯಕ್ಕೆ ಹೋದಳು. ಸೊಸೆಗೆ "ಇನ್ನೂ ಹೊಲಿದಿಲ್ಲ" ಎಂದಷ್ಟೇ ಹೇಳಿದಳು. ಕುರ್ಚಿಗಳು ತುಂಬಿ, ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ಕಲ್ಲುಕುಟಿಗ ಅಳತೆಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಮೇಷ್ಟ್ರು ಕಣ್ಣುಮುಚ್ಚಿ ಪದ್ಯ ಹೇಳಿ, ಕೊನೆಯವಳ ಹತ್ತಿರ ಬಂದಾಗ ದನಿ ನಡುಗಿಸಿದರು. "ಇಪ್ಪತ್ತನಾಲ್ಕು ವರ್ಷದ ಹುಡುಗ ಸಾವನ್ನ ಇಷ್ಟು ಹತ್ತಿರದಿಂದ ನೋಡಿದ್ದಾನಲ್ಲ! ಅವಳ ಬೆರಳು ಹೇಗಿದ್ದಿರಬೇಕು ಯೋಚಿಸಿ. ತಣ್ಣಗೆ, ಮೂಳೆಮೂಳೆಯಾಗಿ..."

ಅಂಟಕ್ಕನಿಗೆ ಯಾಕೋ ಮೈ ಜುಮ್ಮೆಂದಿತು.

ಡಾಕ್ಟರು ಎದ್ದರು. "ತಾಯಿ ತೀರಿಕೊಂಡ ಕೋಣೆ ಮುಂದೆ ನಿಂತವನು ನಾಲ್ಕೇ ಸಾಲಿಗೆ ತನ್ನ ಸಾವಿನ ಚಿಂತೆಗೆ ಹಾರ್ತಾನೆ. ತಾಯಿ ಎಲ್ಲಿ ಹೋದಳ್ರೀ? ಇದು ದುಃಖ ಅಲ್ಲ, ದುಃಖದ ವೇಷ. ಚಿಕ್ಕ ವಯಸ್ಸಲ್ಲಿ ಹೋದ ಅಂತ ಅಯ್ಯೋ ಅನ್ನಿ, ಬೇಡ ಅನ್ನಲ್ಲ. ಕವಿ ಅನ್ನಬೇಡಿ."

ವೇಷ ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಟಕ್ಕನಿಗೆ ತಡೆಯಲಾಗಲಿಲ್ಲ. ತಾಯಿ ಹೋದ ಸುದ್ದಿ ಬಂದ ದಿನ ಪ್ರೂಫಣ್ಣ ಅಂಟಿನ ಡಬ್ಬಿಯ ಪಕ್ಕ ಕೂತು ಮಗುವಿನಂತೆ ಅತ್ತದ್ದನ್ನು ಅವಳು ಕಣ್ಣಾರೆ ಕಂಡವಳು. ತಾನು ಮಾಡಿದ ತಪ್ಪಿಗೆ ಅವನೇಕೆ ಬೈಸಿಕೊಳ್ಳಬೇಕು? ಎದ್ದು ನಿಂತಳು.

"ಡಾಕ್ಟರೇ, ಹಾರಿದ್ದು ಅವನಲ್ಲ. ನಾನು" ಎಂದಳು.

ಎಲ್ಲರೂ ತಿರುಗಿ ನೋಡಿದರು. ಅವಳು ಮುಂದೆ ಹೋಗಿ, ಮೇಜಿನ ಮೇಲೆ ಗಂಟು ಬಿಚ್ಚಿ, ಐದು ಫಾರಂಗಳನ್ನೂ ಸಾಲಾಗಿ ಇಟ್ಟು, ಬೆನ್ನಿನ ಗೆರೆಗಳನ್ನು ತೋರಿಸಿ, ಮೂರು ನಾಲ್ಕಾದದ್ದನ್ನೂ ನಾಲ್ಕು ಮೂರಾದದ್ದನ್ನೂ ಒಂದೂ ಬಿಡದೆ ಹೇಳಿದಳು. "ರಾಶಿ ತಪ್ಪಾಗಿ ಇಟ್ಟವಳು ನಾನು. ಮೆಟ್ಟಿಲು ನೋಡದೆ ಅಂಟು ಬಳಿದವಳೂ ನಾನೇ. ನಲವತ್ತೊಂದು ವರ್ಷ ನಾನು ಹೇಳಿಕೊಂಡು ಬಂದಿದ್ದು ಸುಳ್ಳು. ಬೈಯೋದಿದ್ರೆ ನನಗೆ ಬೈಯಿರಿ." ಇಷ್ಟು ಹೇಳಿ ಫಾರಂಗಳ ಅಂಚನ್ನು ಮತ್ತೊಮ್ಮೆ ಸರಿಮಾಡಿದಳು.

ಮೇಷ್ಟ್ರು ಮೇಜಿನ ಮೇಲೆ ಬಾಗಿ ಗೆರೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷ. "ನೋಡಿದ್ರಾ! ಆ ಮಹಾಪದ್ಯ ಬರೆದಿದ್ದೇ ಅಂಟಿನ ಡಬ್ಬಿ! ಇನ್ನು ಚರ್ಚೆ ಏನುಳೀತು?" ಎಂದು ಕೈ ಉಜ್ಜಿಕೊಂಡರು. ಅಂಟಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವನ ಪರ ಮಾತಾಡಲು ಹೋಗಿ ಅವನನ್ನು ಇನ್ನೊಂದು ಸಲ ಕೊಂದೆನೇ?

ಸೊಸೆ ಎದ್ದು ಬಂದಳು. ಅತ್ತೆಯ ಬೆನ್ನಿನ ಮೇಲೆ ಕೈಯಿಟ್ಟು, "ಮೊದಲು ಅವರು ಬರೆದಿದ್ದೇನು ಅಂತ ಓದೋಣ. ಐವತ್ತೆರಡು ವರ್ಷದಿಂದ ಇದನ್ನ ಯಾರೂ ಓದೇ ಇಲ್ಲ" ಎಂದಳು.

'ಅಮ್ಮನ ಕೋಣೆ'ಯನ್ನು ಮೊದಲು ಓದಿದಳು. ಅದರ ನಿಜವಾದ ಕೊನೆ ಇಷ್ಟು ದಿನ ತಲೆಬರಹವಿಲ್ಲದ ಚೂರಾಗಿ ಪುಸ್ತಕದಲ್ಲಿ ಅನಾಥವಾಗಿ ಬಿದ್ದಿತ್ತು: ಹುಡುಗ ಒಳಗೆ ಹೋಗಿ, ತಾಯಿಯ ಕನ್ನಡಕ ತಾನೇ ಹಾಕಿಕೊಂಡು, ಏನೂ ಕಾಣದೆ ಕೂರುತ್ತಾನೆ. ಡಾಕ್ಟರು ಮೂಗು ಒರೆಸಿಕೊಂಡು ಗೋಡೆ ನೋಡಿದರು. ಆಮೇಲೆ ಸೊಸೆ ಸಾವು ಕತ್ತರಿಸಿದೆ ಎಂದು ಹೆಸರಾಗಿದ್ದ 'ಐದು ರಾಶಿ'ಯನ್ನು ಎತ್ತಿಕೊಂಡು, ನಿಲ್ಲದೆ ಮುಂದಿನ ಫಾರಂಗೆ ದಾಟಿದಳು:

ಐದು ರಾಶಿ, ಒಂದು ಉದ್ದನೆಯ ಮೇಜು,
ಅಂಟಿನ ವಾಸನೆ, ಕಿಟಕಿಯ ಬಿಸಿಲು.
ಇಲ್ಲಿ ಕೆಲಸವೆಂದರೆ ನಡೆಯುವುದು,
ಹೊರಟಲ್ಲಿಗೇ ಬಂದು ಮತ್ತೆ ಹೊರಡುವುದು.
ಸುತ್ತಿ ಸುತ್ತಿ ಬರುತ್ತಾರೆ ಹೆಂಗಸರು,
ಒಬ್ಬಳ ಬೆನ್ನಿಗೊಬ್ಬಳು, ಕೈತುಂಬ ಬಿಳುಪು...

"ಅಯ್ಯೋ!" ಎಂದು ಅಂಟಕ್ಕ ಕೂಗಿಕೊಂಡಳು. "ಇದು ನಾವು ಕಣೇ! ನಮ್ಮ ಬೈಂಡಿಂಗ್ ಕೋಣೆ!"

ಸೊಸೆ ನಿಲ್ಲಿಸಿದಳು. ಅಂಟಕ್ಕನಿಗೆ ಸಂಕೋಚ ಎಲ್ಲಿ ಹೋಯಿತೋ! ಪುಸ್ತಕ ಜೋಡಿಸುವುದೆಂದರೆ ಹೀಗೆ ಎಂದು ಮೇಜಿನ ಸುತ್ತ ನಡೆದೇ ತೋರಿಸಿದಳು. ಒಬ್ಬಳ ಹಿಂದೆ ಒಬ್ಬಳು ಹೋಗುತ್ತಾ, ಪ್ರತಿ ರಾಶಿಯಿಂದ ಒಂದೊಂದು ಫಾರಂ ಎತ್ತಿ ಕೈಮೇಲೆ ಪೇರಿಸಿಕೊಳ್ಳುತ್ತಾ, ಒಂದು ಸುತ್ತಿಗೆ ಒಂದು ಪುಸ್ತಕ. ದಿನವಿಡೀ ಸುತ್ತುವುದು, ದಿನವಿಡೀ ಹರಟೆ, ನಗು. ಅಂಟಿನ ಕೈಯವಳು ರಾಶಿ ಕೊಳೆ ಮಾಡುತ್ತಾಳೆಂದು ಅವಳನ್ನು ಎಲ್ಲರಿಗಿಂತ ಹಿಂದೆ ಹಾಕುತ್ತಿದ್ದರು. ಅವನ ಪುಸ್ತಕದ ಮೊದಲ ಫಾರಂ ಉಳಿದವಕ್ಕಿಂತ ಎಷ್ಟೋ ದಿನ ಮೊದಲೇ ಮುದ್ರಣವಾಗಿ ಬಂದಿತ್ತು. ಅದನ್ನು ಮಡಿಸಿ ಒಬ್ಬರ ಹಿಂದೊಬ್ಬರು ರಾಶಿಗೆ ಒಯ್ಯುವಾಗ ಅವನ ಹೆಸರಿದ್ದ ಹಾಳೆ ಅವಳ ಬೆರಳಿಗೆ ಕಚ್ಚಿಕೊಂಡು, ಕೊಡವಿದರೂ ಬಿಡದೆ, ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತ್ತು. ಬಾಗಿಲಲ್ಲಿ ನಿಂತಿದ್ದ ಪ್ರೂಫಣ್ಣನೂ ನಕ್ಕಿದ್ದ. ಉಳಿದ ಫಾರಂಗಳು ಅಚ್ಚಿಗೆ ಹೋಗುವ ಮೊದಲು ಅದನ್ನೇ ಪದ್ಯ ಮಾಡಿದ್ದ.

"ಹಾಗಾದ್ರೆ ಕೊನೆಯವಳು..." ಎಂದರು ಮೇಷ್ಟ್ರು, ಮೆಲ್ಲಗೆ.

"ನಾನೇ ಸಾರ್."

ಹಿಂದಿನ ಸಾಲಿನಿಂದ ಗಂಡನ ದನಿ ಕೇಳಿಸಿತು. "ಅಂದ್ರೆ ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಮೃತ್ಯು ಜೊತೆನಾ?"

ಗ್ರಂಥಾಲಯದಲ್ಲಿ ಮೌನವಾಗಿರಿ ಎಂಬ ಫಲಕದ ಕೆಳಗೇ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಕ್ಕದ್ದು ಮೇಷ್ಟ್ರೇ, ಅದನ್ನು ಹೇಳಬೇಕು. ಮೂರು ಪುಸ್ತಕ ನೀರುಪಾಲಾದ ಮನುಷ್ಯ ಹಾಗೆ ನಗುವುದು ಸಣ್ಣ ಮಾತಲ್ಲ. ಡಾಕ್ಟರು ಮಾತ್ರ ಪದ್ಯವನ್ನು ತಾವೇ ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. "ಜ್ವರ ಬರೋಕೆ ಮುಂಚೆ ಬರೆದಿದ್ದು. ಸಾವಿನ ಸುದ್ದೀನೇ ಇಲ್ಲ. ಹುಡುಗ ಕೆಲಸ ಮಾಡೋ ಹೆಂಗಸರನ್ನ ನೋಡಿ ಖುಷಿಯಾಗಿದ್ದಾನೆ, ಅಷ್ಟೇ" ಎಂದು ತಲೆದೂಗಿ, "ಈ ಪದ್ಯಕ್ಕೆ ನನ್ನ ಮಾರ್ಕಿದೆ. ಬದುಕಿದ್ದಿದ್ರೂ ಕೊಡ್ತಿದ್ದೆ" ಎಂದರು. ಮೇಷ್ಟ್ರು ಬಿಡುತ್ತಾರೆಯೇ? ತಪ್ಪಾಗಿ ಅಂಟಿದ ಪದ್ಯಕ್ಕೂ ಒಂದು ಬೆಲೆಯಿದೆ, ಊರು ಅದನ್ನು ಓದಿ ಅತ್ತದ್ದು ಸುಳ್ಳಲ್ಲ ಎಂದು ಹೊಸ ವಾದ ಹೂಡಿದರು. ಇಬ್ಬರೂ ಮತ್ತೆ ಜಗಳಕ್ಕೆ ಬಿದ್ದರು. ಕಲ್ಲಿನ ಮೇಲೆ ಯಾವುದಿರಬೇಕೆಂದು ಸಭೆಯನ್ನು ಕೇಳಿದಾಗ ಮಾತ್ರ ಎದ್ದ ಕೈಗಳೆಲ್ಲ 'ಐದು ರಾಶಿ'ಗೇ ಎದ್ದವು, ಮೇಷ್ಟ್ರದೂ. "ಅದೂ ಎಂಟೇ ಸಾಲು ತಾನೇ?" ಎಂದು ಕಲ್ಲುಕುಟಿಗ ಅಳತೆಪಟ್ಟಿ ಜೇಬಿಗಿಳಿಸಿ ಹೊರಟ.

ಅಂಟಕ್ಕನಿಗೆ ಇವರ ವಾದ ಒಂದೂ ತಲೆಗೆ ಹೋಗಲಿಲ್ಲ. ನಲವತ್ತೊಂದು ವರ್ಷ ಮೇಜು ಸುತ್ತಿದ್ದಳು. ಊರಿನ ಅರ್ಧ ಪುಸ್ತಕಗಳು ಅವಳ ಕೈಯಲ್ಲಿ ಹಾದು ಹೋಗಿದ್ದವು, ಒಂದರಲ್ಲೂ ಅವಳಿರಲಿಲ್ಲ. ಇರಬೇಕೆಂದು ಅವಳಿಗೆ ತೋಚಿಯೂ ಇರಲಿಲ್ಲ. ಒಬ್ಬ ಬಾಗಿಲಲ್ಲಿ ನಿಂತು ನೋಡಿದ್ದ! ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಒಳಗೆ ಏನು ಬರೆದಿದೆ ಎಂದು ತಾನು ಮೊದಲೇ ನೋಡಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

ಚಹಾಕ್ಕೂ ನಿಲ್ಲಲಿಲ್ಲ. ನಾಲ್ಕನೆಯ ಫಾರಂ ಜೊತೆಗೆ ಮೂರನೆಯದನ್ನೂ ಸೊಸೆಯಿಂದ ಕೇಳಿ ತೆಗೆದುಕೊಂಡು, ಗಂಡನನ್ನು ಎಳೆದುಕೊಂಡು ಎರಡು ಬೀದಿ ಆಚೆಗಿನ ದಾರಕ್ಕನ ಮನೆಗೆ ನಡೆದಳು. ಆ ಐದು ಹೆಂಗಸರಲ್ಲಿ ಈಗ ಉಳಿದವರು ಇಬ್ಬರೇ: ಅಂಟಕ್ಕ, ಮತ್ತು ಪುಸ್ತಕ ಹೊಲಿಯುತ್ತಿದ್ದ ದಾರಕ್ಕ. ದಾರಕ್ಕನಿಗೆ ಎಂಬತ್ತಾಗಿತ್ತು, ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗೇನಿಲ್ಲ.

"ಅಕ್ಕಾ, ನಾವು ಪದ್ಯದಲ್ಲಿದ್ದೀವಿ ಕಣೇ!" ಎಂದು ಅಂಟಕ್ಕ ಬಾಗಿಲಿನಿಂದಲೇ ಕೂಗಿದಳು. ಒಳಗೆ ಹೋಗಿ, ತಪ್ಪಿನ ಕತೆಯನ್ನೂ ಹೇಳಿ, ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿದಳು. ದಾರಕ್ಕ ಕಣ್ಣು ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಒಂದ್ಸಲ ಒಂದು ಫಾರಂ ತಪ್ಪಿಸಿದ್ದಕ್ಕೆ ನನ್ನ ವಾರಗಟ್ಟಲೆ ಗೋಳುಹೊಯ್ಕೊಂಡೆಯಲ್ಲೇ. ಮುನ್ನೂರು ತಪ್ಪಿಸಿದ್ದು ನೀನು!"

"ನಾನೇ ಅಕ್ಕ. ತಪ್ಪಾಯ್ತು."

"ಈ ಮಾತು ನಿನ್ನ ಬಾಯಲ್ಲಿ ಕೇಳೋಕೆ ಇಷ್ಟು ವರ್ಷ ಬೇಕಾಯ್ತು ನೋಡು" ಎಂದಳು ದಾರಕ್ಕ, ತುಂಬ ಸಮಾಧಾನದಿಂದ. "ಅದಿರಲಿ. ಕೊನೆಯವಳು ನಾನೇ ತಾನೇ?"

"ನೀನೆಲ್ಲಿಂದ? ಬೆರಳಿಗೆ ಅಂಟಿದ್ದು ಅಂತ ಬರೆದಿದ್ದಾನೆ. ಅಂಟು ಯಾರದು?"

"ನಾನು ದಾರಕ್ಕೆ ಮೇಣ ಹಚ್ತಿದ್ದೆ. ಮೇಣಾನೂ ಅಂಟುತ್ತೆ. ಅವತ್ತು ಹಾಳೆ ಕಚ್ಚಿಕೊಂಡಿದ್ದು ನನ್ನ ಬೆರಳಿಗೆ, ನನಗೆ ಚೆನ್ನಾಗಿ ನೆನಪಿದೆ. ನೀನು ನನ್ನ ಮುಂದೆ ಇದ್ದೆ."

"ಹಿಂದೆ ಇದ್ದೆ!"

"ಮುಂದೆ!"

ಮಾತಿನಲ್ಲಿ ಇದು ಬಗೆಹರಿಯುವಂತಿರಲಿಲ್ಲ. ದಾರಕ್ಕ ಊರುಗೋಲು ಗೋಡೆಗೊರಗಿಸಿ ಎದ್ದು ನಿಂತಳು. ಅಂಟಕ್ಕ ಊಟದ ಮೇಜಿನ ಮೇಲಿದ್ದ ಲೋಟ ತಟ್ಟೆಗಳನ್ನು ಐದು ಕಡೆ ರಾಶಿಯಿಟ್ಟಳು. ಇಬ್ಬರೂ ಮೇಜಿನ ಅಂಚು ಹಿಡಿದು ನಡೆಯತೊಡಗಿದರು. ಮೇಜು ಸಣ್ಣದು, ಇಬ್ಬರೇ ಸುತ್ತುವಾಗ ಯಾರ ಹಿಂದೆ ಯಾರು ಎಂದು ಹೇಳುವುದು ದೇವರಿಗೂ ಕಷ್ಟ. ಬಸ್ಸು ಓಡಿಸಿದವನು ಬಾಗಿಲಲ್ಲೇ ನಿಂತು ನೋಡುತ್ತಿದ್ದ, ಅವರು ಏದುಸಿರು ಬಿಡುತ್ತಾ, ಬೈದಾಡುತ್ತಾ, ನಗುತ್ತಾ ಇನ್ನೊಂದು ಸುತ್ತು ಹೊರಟರು.